ಸಹಾಯ ಬೇಕು: ಬೋಟಿನ ಡೀಸೆಲ್ ಟ್ಯಾಂಕ್ ಕೆಲಸ ಬಲ್ಲವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ್ರೀ, ಬೆಳಗಾವಿಯಿಂದ ಬರೆಯುತ್ತಿದ್ದೇವೆ. ಗೋವಾದಲ್ಲಿರುವ ನಮ್ಮ 36 ಅಡಿ ಹಾಯಿದೋಣಿ ಜನವರಿಯಲ್ಲಿ ಒಮಾನ್‌ನ ಸಲಾಲಾಕ್ಕೆ ಹೊರಡಬೇಕು. ಆಗ ಈಶಾನ್ಯದ ಗಾಳಿ ಓರೆಯಾಗಿ ಹಿಂದಿನಿಂದ ತಳ್ಳುತ್ತದೆ. ಮುಂಗಾರು ಶುರುವಾದರೆ ಆ ದಾರಿಯ ಮಾತೇ ಬೇಡ.

ನಿಂತ ನೀರಲ್ಲಿ ಎಂಜಿನ್ ತಾಸುಗಟ್ಟಲೆ ಓಡುತ್ತದೆ. ಅಲೆ ಎದ್ದರೆ ಅರ್ಧ ತಾಸಿಗೇ ಬಂದ್. ಡೀಸೆಲ್ ಫಿಲ್ಟರಿನ ಪಾರದರ್ಶಕ ಬಟ್ಟಲು ನೋಡಿದರೆ ತಳದಲ್ಲಿ ನೀರು, ಅದರ ಮೇಲೆ ಕಪ್ಪು ಲೋಳೆ. ಮಳೆಗಾಲವಿಡೀ ಟ್ಯಾಂಕ್ ಅರ್ಧ ಖಾಲಿ ಇತ್ತು. ಒಳಗಿನ ಗಾಳಿಯ ತೇವ ನೀರಾಗಿ ಇಳಿದು, ನೀರೂ ಡೀಸೆಲ್ಲೂ ಕೂಡುವಲ್ಲಿ ಸೂಕ್ಷ್ಮಜೀವಿಗಳು ಬೆಳೆದಿವೆ. ದೋಣಿ ಕುಲುಕಿದೊಡನೆ ಈ ಲೋಳೆ ಮೇಲೆದ್ದು 10 ಮೈಕ್ರಾನ್ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬರೀ ಔಷಧ ಹಾಕಿದರೆ ಸಾಲದು, ಸತ್ತದ್ದೂ ಫಿಲ್ಟರಿಗೇ ಬರುತ್ತದೆ. ಕೈಯಾಡಿಸಿ ತೊಳೆಯಲೇಬೇಕು.

150 ಲೀಟರಿನ ಅಲ್ಯೂಮಿನಿಯಂ ಟ್ಯಾಂಕ್ ಬಿಚ್ಚಿ ಚೋರ್ಲಾ ಘಾಟ್ ಮೇಲೆ ತರುತ್ತೇವೆ. ಇಲ್ಲಿನ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಕಡೆ ಅದರ ನೆತ್ತಿಯಲ್ಲಿ 6 ಇಂಚಿನ ದುಂಡನೆ ಬಾಯಿ ಕೊರೆದು, ಬೋಲ್ಟ್ ಮುಚ್ಚಳ ಕೂರಿಸುವವರು ಬೇಕು. ಗ್ಯಾಸ್ಕೆಟ್ ನೈಟ್ರೈಲ್ ರಬ್ಬರಿನದೇ ಇರಲಿ, ಸಾದಾ ರಬ್ಬರ್ ಡೀಸೆಲಿಗೆ ಉಬ್ಬುತ್ತದೆ. ಒಳಗಿನ ಆವಿ ಪೂರ್ತಿ ಹೋಗುವ ತನಕ ಕಿಡಿ ಹತ್ತಿರ ಬರಬಾರದು. ಇದನ್ನು ಹೇಳಿಸಿಕೊಳ್ಳದೆ ತಿಳಿದವರೇ ಬೇಕು. ಡಿಸೆಂಬರ್ ಮೊದಲ ವಾರದೊಳಗೆ ಕೆಲಸ ಮುಗಿಯಬೇಕ್ರೀ, ಗೊತ್ತಿದ್ದವರು ದಯವಿಟ್ಟು ಮೆಸೇಜ್ ಮಾಡಿ.