ಪದಚರ್ಚೆ: ಸೆಕೆಂಡ್ಸ್ ಸ್ಪೋರ್ಟ್ಸ್ ಬೈಕಿನ ‘ಆಕ್ಸೆಸರಿ’, ‘ಮಾಡಿಫಿಕೇಷನ್’ – ಬೋರ್ಡಿಗೆ ಏನು ಬರೆಯೋದು? (ತುರ್ತು)

ತುಮಕೂರಿನಿಂದ

ಬಳಗದವರಿಗೆ ನಮಸ್ಕಾರ. ಬಿ.ಎಚ್. ರಸ್ತೆಯ ಒಂದು ಅಂಗಡಿಗೆ ಬೋರ್ಡಿನ ಮಾತು ಬೇಕು, ಜೊತೆಗೆ ಕೌಂಟರಿನ ಪಕ್ಕ ಅಂಟಿಸಲು ಒಂದು ಪುಟದ ಚೀಟಿ. ಆರ್15, ಆರ್‌ಸಿ 200, ಆರ್‌ಎಸ್ 200 ಥರದ ಗಾಡಿಯನ್ನು ಸೆಕೆಂಡ್ಸಲ್ಲಿ ಕೊಂಡವರು ಮೊದಲು ಏನು ಹಾಕಿಸಬೇಕು, ಯಾವುದಕ್ಕೆ ದುಡ್ಡು ದಂಡ ಅನ್ನೋದು ಚೀಟಿಯ ವಿಷಯ. ಬೋರ್ಡು ಬರೆಯುವವರು ನಾಳೆ ಸಂಜೆ ಬರ್ತಾರೆ. 60% ಕನ್ನಡ ಇರಲೇಬೇಕಲ್ಲ, ಹಾಗಾಗಿ ಅವಸರ.

ಕರಡಿನಲ್ಲಿ ಆಕ್ಸೆಸರಿಗೆ ‘ಬಿಡಿಭಾಗ’ ಅಂತ ಹಾಕಿದ್ದಾರೆ. ಅದು ಸ್ಪೇರ್ ಆಯಿತು, ಅಂದ್ರೆ ಸವೆದದ್ದರ ಜಾಗಕ್ಕೆ ಬರೋದು. ಬ್ರೇಕ್ ಪ್ಯಾಡು ಬಿಡಿಭಾಗ, ಟ್ಯಾಂಕ್ ಪ್ಯಾಡು ಅಲ್ಲ. ‘ಪರಿಕರ’ ಅಂದ್ರೆ ಪೂಜಾ ಸಾಮಾನಿನ ಅಂಗಡಿ ನೆನಪಾಗುತ್ತೆ. ಮಾಡಿಫಿಕೇಷನ್‌ಗೆ ‘ಮಾರ್ಪಾಡು’ ಸಾಕೇ? ಉಳಿದವು ಫ್ರೇಮ್ ಸ್ಲೈಡರ್, ಆಕ್ಸಲ್ ಸ್ಲೈಡರ್ (ಗಾಡಿ ಬಿದ್ದಾಗ ರೋಡಿಗೆ ಉಜ್ಜದಂತೆ ಕಾಯೋ ಗುಂಡುಗಳು), ಸ್ಲಿಪ್-ಆನ್ ಸೈಲೆನ್ಸರ್, ಟೈಲ್ ಟೈಡಿ (ಹಿಂದಿನ ಉದ್ದ ಮಡ್‌ಗಾರ್ಡಿನ ಬದಲು ಹಾಕೋ ಗಿಡ್ಡ ಬ್ರಾಕೆಟ್ಟು), ಪ್ರೀಲೋಡ್.

ಚೀಟಿಯ ಮೊದಲ ಭಾಗ ಹೀಗಿದೆ, ಕಣ್ಣಾಡಿಸಿ:

> ಸೈಲೆನ್ಸರಿಗೆ ದುಡ್ಡು ಹಾಕುವ ಮುಂಚೆ ಟೈರಿನ ವಯಸ್ಸು ನೋಡಿ. ಟೈರಿನ ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದ್ರೆ 2019ರ 23ನೇ ವಾರ ತಯಾರಾದದ್ದು. ಬಟನ್ (ಟೈರಿನ ಮೇಲಿನ ಉಬ್ಬು) ಚೆನ್ನಾಗಿದ್ದರೂ ಹಳೇ ರಬ್ಬರು ಗಟ್ಟಿಯಾಗಿ ಮಳೆಯಲ್ಲಿ ಹಿಡಿತ ಬಿಡುತ್ತೆ. ಚೈನು, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೇ ಬದಲಿಸಿ. ಕೊಕ್ಕೆಯಾದ ಹಲ್ಲಿನ ಮೇಲೆ ಹೊಸ ಚೈನು ಓಡಿಸಿದರೆ ಅದೂ ಬೇಗ ಸವೆಯುತ್ತೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ.

ಕೋಲಾರದಿಂದ

ಆಕ್ಸೆಸರಿ = ಸೇರಿಕೆ. ಮಾಡಿಪಿಕೇಶನ್ = ಮಾರ್ಪಾಡು (ಇದು ಮೊದಲಿಂದಲೂ ಇದೆ, ಕೇಳುವುದೇ ಬೇಡ). ಪ್ರೇಮ್ ಸ್ಲೈಡರ್ = ಜಾರುಗೂಟ. ಸ್ಲಿಪ್-ಆನ್ = ತುದಿಕೊಳವೆ. ಪ್ರೀಲೋಡ್ = ಮುನ್ನೊತ್ತು. ಪರಿಕರ ಸಂಸ್ಕ್ರುತ, ಬೇಡ.

ಆಕ್ಸಲ್ ಸ್ಲೈಡರ್‌ಗೆ ಹುಡುಕಾಟವೇ ಬೇಕಿಲ್ಲ. ಅದು ಕಡೆಗೀಲು. ಕಡೆ + ಕೀಲು, ಕಕಾರಕ್ಕೆ ಗಕಾರ. ಇದರ ಜೋಡಿ ಒರೆ (ಪದ) ಕಡಾಣಿ, ಕಡೆ + ಆಣಿ. ಚಕ್ರದ ಅಚ್ಚಿನ (ಆಕ್ಸಲ್) ತುದಿಗೆ ಬಡಿಯುವ ಗೂಟ. ವಚನಗಳಲ್ಲೇ ಬಂದಿರುವ ಒರೆ. ಎತ್ತಿನ ಬಂಡಿಯಲ್ಲಿ ಇದ್ದದ್ದು ಈಗ ಮೋಟಾರು ಬಂಡಿಗೆ ಬಂದಿದೆ, ಅಶ್ಟೆ. ಒಳ್ಳೆಯ ಕನ್ನಡ ಒರೆಯನ್ನು ಮೂಲೆಗೆ ತಳ್ಳಿ ‘ಸ್ಲೈಡರ್’ ಅಂತ ಬರೆದರೆ ಲಿಪಿ ಮಾತ್ರ ಕನ್ನಡ, ಬಾಶೆ ಅಲ್ಲ.

ಚಿಂತಾಮಣಿಯಿಂದ

ಮಹಾಪ್ರಾಣ ಬಿಟ್ಟು ಬರೆಯೋದು ನಿಮ್ಮಿಷ್ಟ ಮೇಷ್ಟ್ರೇ. ಆದ್ರೆ ‘ಪ್ರೇಮ್ ಸ್ಲೈಡರ್’ ಅಂತ ಬೋರ್ಡಲ್ಲಿ ಬಂದ್ರೆ ಅಂಗಡಿಗೆ ಬೇರೆ ಥರದ ಗಿರಾಕಿಗಳು ಬರ್ತಾರೆ.

ಕಡೆಗೀಲು ತಪ್ಪು. ಬಂಡಿಯ ಕಡೆಗೀಲು ಕಿತ್ತರೆ ಚಕ್ರ ಕಳಚಿ ಹೋಗುತ್ತೆ, ಅದರ ಕೆಲಸವೇ ಚಕ್ರ ಹಿಡಿಯೋದು. ಆಕ್ಸಲ್ ಸ್ಲೈಡರ್ ಕಿತ್ತರೆ ಏನೂ ಆಗಲ್ಲ. ಅಚ್ಚಿನ ತೂತಿನೊಳಗೆ ಸಪೂರ ರಾಡು ತೂರಿಸಿ ಎರಡು ತುದಿಗೂ ನೈಲಾನ್ ಗುಂಡು ಕೂರಿಸಿರ್ತಾರೆ. ಗಾಡಿ ಬಿದ್ದಾಗ ಫೋರ್ಕಿನ ಕಾಲು ರೋಡಿಗೆ ಉಜ್ಜದೆ ಇರಲಿ ಅಂತ. ಇವತ್ತಿನ ಬೈಕಲ್ಲಿ ಕಡೆಗೀಲಿನ ಕೆಲಸ ಮಾಡೋದು ಅಚ್ಚಿನ ಲಾಕ್ ನಟ್ಟು, ಕೆಲವು ಗಾಡೀಲಿ ಅದಕ್ಕೆ ಚುಚ್ಚಿದ ಸ್ಪ್ಲಿಟ್ ಪಿನ್ನು. ಚೀಟಿ ಓದಿದ ಹುಡುಗ ‘ಕಡೆಗೀಲು ಬೇಡ, ಬಿಚ್ಚಿ’ ಅಂದು, ಹೊಸ ಮೆಕ್ಯಾನಿಕ್ಕು ಸ್ಪ್ಲಿಟ್ ಪಿನ್ನು ಬಿಚ್ಚಿದರೆ ಜವಾಬ್ದಾರಿ ಯಾರದು?

ಜಾರುಗೂಟ ಕೇಳೋಕೆ ಪರವಾಗಿಲ್ಲ, ಆದ್ರೆ ಗೂಟ ಅಂದ್ರೆ ನೆಟ್ಟದ್ದು. ಫ್ರೇಮ್ ಸ್ಲೈಡರ್ ಇಂಜಿನ್ ಮೌಂಟಿನ ಬೋಲ್ಟಿಗೆ ಕೂರುತ್ತೆ. ಗ್ಯಾರೇಜಲ್ಲಿ ಎಷ್ಟೋ ಜನ ಇದನ್ನೂ ‘ಕ್ರ್ಯಾಶ್ ಗಾರ್ಡ್’ ಅಂತಾರೆ. ಹಾಗೆ ಬರೆದರೆ ಗಿರಾಕಿ ಪೈಪಿನ ಲೆಗ್ ಗಾರ್ಡು ಅಂದ್ಕೊಂಡು ಬರ್ತಾನೆ, ಫೇರಿಂಗ್ (ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ) ಇರೋ ಗಾಡಿಗೆ ಅದು ಕೂರೋದೇ ಕಷ್ಟ. ಅದಕ್ಕೇ ‘ಸ್ಲೈಡರ್’ ಅಂತಲೇ ಇರಲಿ.

ಪದಕ್ಕಿಂತ ಚೀಟೀಲಿ ಇದು ಬರಲಿ: ಒಂದು ಪಕ್ಕದ ಬೋಲ್ಟು ಬಿಚ್ಚಿ, ಕೂರಿಸಿ, ಬಿಗಿ ಮಾಡಿದ ಮೇಲೇ ಇನ್ನೊಂದು ಪಕ್ಕ ಮುಟ್ಟಬೇಕು. ಇಂಜಿನ್ ಕೆಳಗೆ ಜಾಕು ಕೊಟ್ಟಿರಬೇಕು. ಎರಡೂ ಒಟ್ಟಿಗೇ ಕಿತ್ತರೆ ಇಂಜಿನ್ ಒಂದು ಚೂರು ಜಗ್ಗಿ ತೂತು ತೂತಿಗೆ ಕೂಡಲ್ಲ, ಆಮೇಲೆ ಸುತ್ತಿಗೇಲಿ ಬಡಿಯೋದು ಶುರು. ಉದ್ದ ಬೋಲ್ಟು ಕಂಪನಿ ಬೋಲ್ಟಿನ ಗ್ರೇಡಿನದ್ದೇ ಆಗಿರಬೇಕು, ತಲೆಯ ಮೇಲೆ 8.8 ಅಥವಾ 10.9 ಅಂತ ಕೆತ್ತಿರುತ್ತೆ, ಕಿತ್ತ ಬೋಲ್ಟಿನ ಜೊತೆ ಹೋಲಿಸಿ. ಮೆತ್ತನೆ ಬೋಲ್ಟು ಮೊದಲನೇ ಏಟಿಗೇ ಬಾಗುತ್ತೆ. ಬೋಲ್ಟಿನ ತಲೆ ನೈಲಾನಿನ ಒಳಗೆ ಹುದುಗಿರಬೇಕು, ಹೊರಗಿದ್ದರೆ ರೋಡಿಗೆ ಸಿಗೋದು ಕಬ್ಬಿಣವೇ. ತೀರ ಉದ್ದ ಇರೋದೂ ಬೇಡ: ಜಾರೋ ಬದಲು ರೋಡಿನ ಅಂಚಿಗೆ ಸಿಕ್ಕಿಕೊಂಡು ಇಂಜಿನ್ ಕಿವಿಯನ್ನೇ (ಬೋಲ್ಟು ಕೂರೋ ಭಾಗ) ಮುರೀತದೆ. ಸಾವಿರ ರೂಪಾಯಿ ಫೇರಿಂಗ್ ಉಳಿಸೋಕೆ ಹೋಗಿ ಇಂಜಿನ್ ಕೇಸಿಗೆ ಬಂದು ನಿಲ್ಲುತ್ತೆ.

ತುದಿಕೊಳವೆಯೂ ಸರಿ ಇಲ್ಲ. ಸ್ಲಿಪ್-ಆನ್ ಅಂದ್ರೆ ಬೆಂಡ್ ಪೈಪು ಬಿಟ್ಟು ಹಿಂದಿನ ಡಬ್ಬ ಪೂರ್ತಿ. ಗ್ಯಾರೇಜಿನ ಮಾತು ‘ಹಾಫ್ ಸಿಸ್ಟಂ’, ಬೆಂಡ್ ಪೈಪಿನಿಂದ ಬದಲಾಯಿಸಿದರೆ ‘ಫುಲ್ ಸಿಸ್ಟಂ’. ತುದಿಕೊಳವೆ ಅಂದ್ರೆ ಬಾಯಿಗೆ ಸಿಕ್ಕಿಸೋ ಸ್ಟೀಲ್ ಮೂತಿ ಅಂದ್ಕೋತಾರೆ.

ಗೌರಿಬಿದನೂರಿನಿಂದ

‘ಮಾರ್ಪಾಡು’ ಒಳ್ಳೆಯ ಪದ, ನಿಘಂಟಿನಲ್ಲೂ ಇದೆ. ಅದಕ್ಕೇ ಬೋರ್ಡಿನಲ್ಲಿ ಹಾಕಬೇಡಿ ಅನ್ನುತ್ತಿದ್ದೇನೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ಹೇಳುವುದು ಇದನ್ನೇ: ಆರ್‌ಸಿಯಲ್ಲಿರುವ (ನೋಂದಣಿ ಪತ್ರದ) ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ(4) ಪ್ರಕಾರ ಹಾಗೆ ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ‘ಪ್ರತಿ’ ಅನ್ನುವುದನ್ನು ಗಮನಿಸಿ. ಸದ್ದಿನ ಸೈಲೆನ್ಸರಿಗೆ 190(2) ಬೇರೆಯೇ ಇದೆ. ‘ಇಲ್ಲಿ ಮಾರ್ಪಾಡು ಮಾಡಲಾಗುತ್ತದೆ’ ಅಂತ ಬರೆಸಿದರೆ ಆರ್‌ಟಿಓದವರನ್ನು ಕೈ ಹಿಡಿದು ಕರೆದಂತೆ.

ಹಾಗಾಗಿ ಚೀಟಿಯಲ್ಲೇ ಎರಡನ್ನೂ ಬೇರೆ ಮಾಡಿ. ಟ್ಯಾಂಕ್ ಪ್ಯಾಡು, ಸ್ಲೈಡರು, ರೇಡಿಯೇಟರ್ ಜಾಲರಿ, ಮೊಬೈಲ್ ಹೋಲ್ಡರು ಇವೆಲ್ಲ ಸೇರಿಸುವಂಥವು, ಬೇಡವಾದರೆ ಬಿಚ್ಚಿಟ್ಟರೆ ಗಾಡಿ ಮೊದಲಿನಂತೆಯೇ. ಬಣ್ಣ, ಸೈಲೆನ್ಸರು, ಚಾಸಿ ಮುಟ್ಟುವುದೆಲ್ಲ ಮಾರ್ಪಾಡು. ಇಡೀ ಗಾಡಿಗೆ ಬೇರೆ ಬಣ್ಣದ ಸ್ಟಿಕ್ಕರು ಸುತ್ತಿಸಿದರೂ ಆರ್‌ಸಿಯಲ್ಲಿರುವ ಬಣ್ಣಕ್ಕೂ ಗಾಡಿಗೂ ತಾಳೆ ಆಗುವುದಿಲ್ಲ. ಸೆಕೆಂಡ್ಸಲ್ಲಿ ಕೊಂಡವರಿಗೆ ಇದು ಹೆಚ್ಚು ಮುಖ್ಯ, ಹಿಂದಿನ ಮಾಲೀಕರು ಬಣ್ಣ ಬದಲಿಸಿದ್ದರೆ ಹೆಸರು ವರ್ಗಾವಣೆಗೆ ಮುಂಚೆಯೇ ಸರಿಮಾಡಿಸಿಕೊಳ್ಳಬೇಕು.

ಟೈಲ್ ಟೈಡಿ ಹಾಕಿಸುವವರು ಹಿಂದಿನ ಮಡ್‌ಗಾರ್ಡಿನ ಜೊತೆ ಸೀರೆ ಗಾರ್ಡನ್ನೂ ಕಿತ್ತು ಎಸೆಯುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂದೆ ಕೂತವರ ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮರೆ ಇರಬೇಕು, ಹಿಡಿದುಕೊಳ್ಳಲು ಹಿಡಿಯೂ ಇರಬೇಕು. ನಂಬರ್ ಪ್ಲೇಟು ಮೇಲ್ಮುಖವಾಗಿ ಮಡಚಿದರೆ ಅದು ಇನ್ನೊಂದು ಕೇಸು. ಕಾನೂನು ಬಿಡಿ, ಮಳೆಗಾಲದಲ್ಲಿ ಕೆಸರೆಲ್ಲ ಬೆನ್ನಿಗೆ, ಹಿಂದಿನ ಶಾಕಿನ ಸೀಲಿಗೆ.

ಕೋಲಾರದಿಂದ

> ಸೀರೆ ಗಾರ್ಡನ್ನೂ

ಇದೇ ನೋಡಿ ರೋಗ. ಸೀರೆ + ಗಾರ್ಡ್. ಅರಿಸಮಾಸ. ಅಂದರೆ ಹೊಂದದ ನುಡಿಗಳ ಕೂಡಿಕೆ. ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜ ಬೇಡವೆಂದದ್ದನ್ನು ಗ್ಯಾರೇಜಿನವರು ಮಾಡುತ್ತಾರೆ, ಈ ಬಳಗವೂ ಒಪ್ಪುತ್ತದೆ. ಸೀರೆಕಾಪು ಅನ್ನಲು ಏನು ಕಶ್ಟ?

ಸಿರಾದಿಂದ

ಕೇಶಿರಾಜ ಬಿರುದಾವಳಿಗೆ, ಹಳಬರ ಪ್ರಯೋಗಕ್ಕೆ ವಿನಾಯಿತಿ ಕೊಟ್ಟಿದ್ದಾನೆ, ಆ ಸೂತ್ರವನ್ನೂ ಓದಿ. ಅವನು ಹೇಳಿದ್ದು ಸಂಸ್ಕೃತ-ಕನ್ನಡ ಕೂಡಿಕೆಗೆ, ಇಂಗ್ಲಿಷಿಗಲ್ಲ. ಇನ್ನು ನಿಮ್ಮ ಲೆಕ್ಕದಲ್ಲಿ ಸೀರೆ ಕನ್ನಡವೋ? ಚೀರದ ತದ್ಭವ ಅಂತ ಶಾಲೆಯಲ್ಲೇ ಕಲಿಸುತ್ತಾರೆ. ಕೀಲವೂ ಸಂಸ್ಕೃತದಲ್ಲಿದೆ. ಆಗ ನಿಮ್ಮ ಕಡೆಗೀಲೇ ಅರಿಸಮಾಸ.

ಕೋಲಾರದಿಂದ

ತದ್ಬವ ಸೇರಿದರೆ ಅರಿ ಆಗುವುದಿಲ್ಲ. ಸಂಸ್ಕ್ರುತದಲ್ಲಿ ಇದ್ದ ಮಾತ್ರಕ್ಕೆ ಸಂಸ್ಕ್ರುತದಿಂದಲೇ ಬಂತು ಅನ್ನುವುದು ಗುಲಾಮ ಬುದ್ದಿ. ಗಾಡಿ ಅನ್ನುತ್ತೀರಲ್ಲ ಎಲ್ಲರೂ, ಅದು ಬಡಗಣದಿಂದ ಬಂದದ್ದು. ಬಂಡಿ ಅನ್ನಿ ಮೊದಲು.

ಚಿಂತಾಮಣಿಯಿಂದ

ನಮ್ಮ ಕಡೆ ಬೈಕಿಗೆ ‘ಬಂಡಿ’ ಅಂದ್ರೆ ತೆಲುಗು ಮಾತಾಡ್ತಿದ್ದಾನೆ ಅಂತಾರೆ. ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಕೇಳಿ ನೋಡಿ. ನಿಮ್ಮ ಜಿಲ್ಲೆಯೇ.

ಕೆಲಸದ ಮಾತು. ‘ಮುನ್ನೊತ್ತು’ ವಿಷಯದಲ್ಲಿ ಮೇಷ್ಟ್ರ ಪಕ್ಷ ನಾನು, ಆಶ್ಚರ್ಯಪಡಬೇಡಿ. ಮೆಕ್ಯಾನಿಕ್ಕುಗಳು ‘ಶಾಕ್ ಟೈಟ್ ಮಾಡು’ ಅಂತಾರೆ, ಗಿರಾಕಿಗೆ ಸ್ಪ್ರಿಂಗೇ ಗಟ್ಟಿಯಾಗುತ್ತೆ ಅನ್ನೋ ಭ್ರಮೆ. ಸ್ಪ್ರಿಂಗಿನ ಗಟ್ಟಿತನ ತಂತಿಯ ದಪ್ಪ, ಸುತ್ತಿನ ಅಗಲ, ಸುತ್ತಿನ ಲೆಕ್ಕದಲ್ಲಿರೋದು, ಉಂಗುರ ತಿರುಗಿಸಿದರೆ ಬದಲಾಗಲ್ಲ. ಬದಲಾಗೋದು ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿದೀವಿ ಅನ್ನೋದು. ಅದರಿಂದ ಕೂತಾಗ ಗಾಡಿ ಎಷ್ಟು ಇಳಿಯುತ್ತೆ ಅನ್ನೋದು ಬದಲಾಗುತ್ತೆ. ಇಂಗ್ಲಿಷಿನ ‘ಸ್ಯಾಗ್’ಗೆ ‘ಇಳಿತ’ ಸಾಕು, ಹೊಸ ಪದ ಕಟ್ಟೋದು ಬೇಡ.

ಚೀಟಿಗೆ ಹೀಗೆ ಬರೆಯಬಹುದು. ಹಿಂದಿನ ಚಕ್ರ ನೆಲ ಬಿಡುವಂತೆ ಗಾಡಿ ಎತ್ತಿಸಿ. ಅಚ್ಚಿನಿಂದ ನೇರ ಮೇಲೆ ಸೀಟಿನ ಕೆಳಗಿನ ಒಂದು ಗುರುತಿಗೆ ಎಷ್ಟು ಮಿಲಿಮೀಟರ್ ಅಂತ ಅಳೆಯಿರಿ. ಗಾಡಿ ಇಳಿಸಿ, ಓಡಿಸುವವರು ಹೆಲ್ಮೆಟ್ಟು, ಜಾಕೆಟ್ಟು ಸಮೇತ ಕೂತು ಎರಡೂ ಕಾಲು ಫುಟ್‌ರೆಸ್ಟ್ ಮೇಲಿಡಲಿ, ಇನ್ನೊಬ್ಬರು ಮುಂದೆ ಹಿಡಿದುಕೊಳ್ಳಲಿ. ಅದೇ ಎರಡು ಗುರುತಿನ ನಡುವೆ ಮತ್ತೆ ಅಳೆದು ಕಳೆಯಿರಿ. ರೋಡಿನ ಓಡಾಟಕ್ಕೆ 30ರಿಂದ 35 ಮಿ.ಮೀ. ಆಸುಪಾಸು ಇದ್ದರೆ ಸರಿ. ಜಾಸ್ತಿ ಇಳಿದರೆ ಮುನ್ನೊತ್ತು ಹೆಚ್ಚಿಸಿ, ಕಡಿಮೆ ಇದ್ದರೆ ಸಡಿಲಿಸಿ. ಸೆಕೆಂಡ್ಸ್ ಗಾಡಿಯಲ್ಲಿ ಉಂಗುರ ಹಿಂದಿನ ಮಾಲೀಕರ ತೂಕಕ್ಕೆ ಕೂತಿರುತ್ತೆ. ಅವರು 90 ಕೆ.ಜಿ., ಕೊಂಡ ಹುಡುಗ 58 ಆದ್ರೆ ಪ್ರತಿ ಹಂಪಿಗೂ ಸೀಟು ಒದೆಯುತ್ತೆ, ಆಮೇಲೆ ಹೊಸ ಶಾಕ್ ಬೇಕು ಅಂತ ದುಡ್ಡು ಹುಡುಕ್ತಾನೆ. ಉಂಗುರ ತಿರುಗಿಸೋ ಕೊಕ್ಕೆ ಸ್ಪ್ಯಾನರ್ ಎಷ್ಟೋ ಗಾಡಿಯ ಟೂಲ್ ಕಿಟ್‌ನಲ್ಲೇ ಇರುತ್ತೆ.

ಇನ್ನೊಂದು, ‘ಬ್ರೇಕ್ ಆಯಿಲ್’ ಅಂತ ಬಿಡಬೇಡಿ, ‘ಡಾಟ್ 4 ಬ್ರೇಕ್ ಆಯಿಲ್’ ಅಂತ ಬರೆಯಿರಿ. ಅದು ಎಣ್ಣೆಯೇ ಅಲ್ಲ. ಎಣ್ಣೆ ಅಂದ್ಕೊಂಡು ಇಂಜಿನ್ ಆಯಿಲ್ ಸುರಿದರೆ ರಬ್ಬರ್ ಸೀಲುಗಳು ಉಬ್ಬಿ ಬ್ರೇಕು ಹಿಡಿದು ನಿಲ್ಲುತ್ತೆ, ಮಾಸ್ಟರ್ ಸಿಲಿಂಡರಿನಿಂದ ಕ್ಯಾಲಿಪರಿನವರೆಗೆ ಸೀಲೆಲ್ಲ ಬದಲಿಸಬೇಕು. ಡಾಟ್ 5 ಸಿಲಿಕೋನಿನದ್ದು, 4ರ ಜೊತೆ ಬೆರೆಸೋ ಹಾಗಿಲ್ಲ. ಸ್ಟೀಲ್ ಹೆಣಿಗೆಯ ಬ್ರೇಕ್ ಹೋಸು ಹಾಕಿಸಿದರೆ ಬ್ಯಾಂಜೋ ಬೋಲ್ಟಿನ (ಹೋಸಿನ ತುದಿ ಹಿಡಿಯೋ ತೂತಿನ ಬೋಲ್ಟು) ತಾಮ್ರದ ವಾಷರು ಹೊಸದೇ ಇರಬೇಕು, ಹಳೇದು ಒಮ್ಮೆ ಚಪ್ಪಟೆಯಾದ ಮೇಲೆ ಜಿನುಗುತ್ತೆ.

ಸಿರಾದಿಂದ

ಬ್ರೇಕ್ ದ್ರವ ಅನ್ನಬಹುದಲ್ಲ?

ಚಿಂತಾಮಣಿಯಿಂದ

ಅನ್ನಬಹುದು ಸಾರ್. ಅಂಗಡೀಲಿ ಕೇಳಿದರೆ ಕೊಡಲ್ಲ.

ತುಮಕೂರಿನಿಂದ

ಎಲ್ಲರಿಗೂ ಧನ್ಯವಾದ. ಬೋರ್ಡಿನ ಅಗಲ ಆರು ಅಡಿ, ಹಾಗಾಗಿ ಮೇಲಿನ ಸಾಲು ‘ಸ್ಪೋರ್ಟ್ಸ್ ಬೈಕ್ ಬಿಡಿಭಾಗ ಮತ್ತು ಎಕ್ಸ್‌ಟ್ರಾ ಫಿಟಿಂಗ್’. ಎರಡೂ ಇರೋದರಿಂದ ಬಿಡಿಭಾಗ ಅನ್ನೋದು ಈಗ ಸರಿಯಾದ ಅರ್ಥದಲ್ಲೇ ಬಂತು. ‘ಮಾರ್ಪಾಡು’ ಬೋರ್ಡಿನಿಂದ ತೆಗೆದಿದೆ. ಚೀಟಿಯಲ್ಲಿ ‘ಮಾರ್ಪಾಡು ಮಾಡಿಸುವ ಮೊದಲು ಓದಿ’ ಅನ್ನೋ ತಲೆಬರಹದ ಕೆಳಗೆ ಗೌರಿಬಿದನೂರಿನವರು ಹೇಳಿದ ಸೆಕ್ಷನ್ನುಗಳು. ‘ಸೇರಿಕೆ’ ಹಾಕಿದರೆ ‘ಚಿಟ್ ಫಂಡಾ?’ ಅಂತ ಕೇಳ್ತಾರೆ, ಬಿಟ್ಟಿದ್ದೀನಿ. ಮುನ್ನೊತ್ತು, ಇಳಿತ ಎರಡೂ ಚೀಟಿಗೆ ಬರ್ತವೆ, ಪಕ್ಕದಲ್ಲಿ ಪ್ರೀಲೋಡ್ ಅಂತಲೂ ಇರುತ್ತೆ. ಹಾಫ್ ಸಿಸ್ಟಂ, ಸ್ಲೈಡರ್, ಸೀರೆ ಗಾರ್ಡ್ ಇದ್ದ ಹಾಗೇ.

ಒಂದು ಉಳಿದಿದೆ. ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ಕಡಿಮೆ ಮಾಡಿಸುವವರಿಗೆ ಏನು ಎಚ್ಚರಿಕೆ ಬರೆಯಲಿ?

ಚಿಂತಾಮಣಿಯಿಂದ

15/45 (ಮುಂದೆ 15, ಹಿಂದೆ 45 ಹಲ್ಲು) ಇದ್ದದ್ದು 14/45 ಮಾಡಿದರೆ ಲೆಕ್ಕ 3.00ರಿಂದ 3.21ಕ್ಕೆ ಹೋಗುತ್ತೆ, ಏಳು ಪರ್ಸೆಂಟು. ಎಳೆತ ಜಾಸ್ತಿ, ಅದೇ ಸ್ಪೀಡಿಗೆ ಇಂಜಿನ್ ಜಾಸ್ತಿ ತಿರುಗುತ್ತೆ, ಹೈವೇಲಿ ಪೆಟ್ರೋಲು ಜಾಸ್ತಿ. ಸ್ಪೀಡ್ ಸೆನ್ಸರು ಗೇರ್‌ಬಾಕ್ಸಿನ ಕಡೆ ಇರೋ ಗಾಡೀಲಿ ಮೀಟರು ಇರೋದಕ್ಕಿಂತ ಹೆಚ್ಚು ತೋರಿಸುತ್ತೆ, ಕಿಲೋಮೀಟರ್ ಲೆಕ್ಕವೂ ಹೆಚ್ಚು ಓಡುತ್ತೆ. ಚಕ್ರದಲ್ಲಿದ್ದರೆ ತೊಂದರೆ ಇಲ್ಲ. ಚೈನಿನ ಸಡಿಲ ಮತ್ತೆ ಹೊಂದಿಸಬೇಕು. ಓ-ರಿಂಗ್ ಚೈನು (ಕೊಂಡಿಗಳ ನಡುವೆ ರಬ್ಬರ್ ಉಂಗುರ ಇರೋದು) ಪೆಟ್ರೋಲಲ್ಲಿ ತೊಳೆಯಬೇಡಿ ಅಂತ ದಪ್ಪಕ್ಷರದಲ್ಲಿ ಬರೆಯಿರಿ, ಅದೇ ಜನ ಮಾಡೋದು.

ಕೋಲಾರದಿಂದ

ಸ್ಪ್ರಾಕೆಟ್ಟಿಗೆ ಹಲ್ಲುಗಾಲಿ ಇದೆ. ಯಾರೂ ಕೇಳಲಿಲ್ಲ.