ಎಸ್‌ಆರ್ ಏರುತ್ತೆ, ಬಿಎಫ್ ಏರಲ್ಲ: ರದ್ದಿ ನಾರಿನ ಗುಣ ಅಳೆಯೋದು ಹೇಗೆ?

ಕ್ರಾಫ್ಟ್_ಲ್ಯಾಬ್:
ನಮ್ಮ ಮಿಲ್‌ನಲ್ಲಿ ಮಾಡೋದು 120 ಜಿಎಸ್‌ಎಂ (ಚದರ ಮೀಟರ್‌ಗೆ 120 ಗ್ರಾಂ), 18 ಬಿಎಫ್ (ಬರ್ಸ್ಟ್ ಫ್ಯಾಕ್ಟರ್: ಹಾಳೆ ಒಡೆಯೋ ಒತ್ತಡವನ್ನ ಜಿಎಸ್‌ಎಂನಿಂದ ಭಾಗಿಸಿದ್ದು) ಕ್ರಾಫ್ಟ್, ಅಂದ್ರೆ ಪೆಟ್ಟಿಗೆಯ ಕಂದು ಕಾಗದ, ಪೂರ್ತಿ ದೇಶಿ ಹಳೇ ರಟ್ಟಿನ ಪೆಟ್ಟಿಗೆಯಿಂದ. ಎರಡು ಕಡೆಯಿಂದ ಮಾಲು ಬರುತ್ತೆ. ‘ಎ’, ‘ಬಿ’ ಅನ್ನೋಣ. ‘ಬಿ’ ಮಾಲು ಹೆಚ್ಚಾದ ದಿನ ಬಿಎಫ್ 15–16ಕ್ಕೆ ಇಳಿಯುತ್ತೆ. ರಿಫೈನರ್ (ಬಾರ್‌ಗಳ ನಡುವೆ ನಾರನ್ನ ಉಜ್ಜೋ ಯಂತ್ರ) ಲೋಡ್ ಏರಿಸಿದರೆ ಎಸ್‌ಆರ್ (ಷಾಪರ್-ರೀಗ್ಲರ್ ಅಂಕ) 38ರಿಂದ 42ಕ್ಕೆ ಹೋಗುತ್ತೆ, ವೈರ್ (ಹಾಳೆ ಕೂರೋ ಜಾಲರಿ) ಮೇಲೆ ನೀರು ಇಳಿಯಲ್ಲ, ಸ್ಟೀಮ್ ಜಾಸ್ತಿ ಎಳೆಯುತ್ತೆ, ಬಿಎಫ್ ಮಾತ್ರ ಅಲ್ಲೇ. ತಪ್ಪು ನಾರಿನದೋ ರಿಫೈನರ್‌ದೋ ಅಂತ ತಿಳಿಯೋದು ಹೇಗೆ? ಲ್ಯಾಬ್‌ನಲ್ಲಿ ಎಸ್‌ಆರ್ ಟೆಸ್ಟರ್, ಡಿಸಿಂಟಿಗ್ರೇಟರ್ (ಕಾಗದವನ್ನ ನೀರಲ್ಲಿ ನಾರಾಗಿ ಬಿಡಿಸೋ ಮಿಕ್ಸರ್), ಹ್ಯಾಂಡ್‌ಶೀಟ್ (ಪರೀಕ್ಷೆಗೆ ಮಾಡೋ ಹಾಳೆ) ಮಷೀನ್, ಬರ್ಸ್ಟ್ ಟೆಸ್ಟರ್, ಓವನ್, ಮಫಲ್ ಫರ್ನೇಸ್ ಇವೆ. ನಾರನ್ನ ಉದ್ದದ ಪ್ರಕಾರ ಬೇರ್ಪಡಿಸೋ ಬಾವರ್-ಮೆಕ್‌ನೆಟ್ ಇಲ್ಲ.

ಜರಡಿ200:
ಎಸ್‌ಆರ್ ಹೇಳೋದು ನೀರು ಎಷ್ಟು ನಿಧಾನ ಇಳಿಯುತ್ತೆ ಅನ್ನೋದನ್ನ ಮಾತ್ರ. ನಾರು ಚೆನ್ನಾಗಿ ಬಿಚ್ಚಿಕೊಂಡಿದ್ದರೂ ಏರುತ್ತೆ, ಬರೀ ಪುಡಿ (ನಾರಿನ ಚೂರು, ಖನಿಜದ ಕಣ) ತುಂಬಿದ್ದರೂ ಏರುತ್ತೆ. ರದ್ದಿಯಲ್ಲಿ ಸಾಮಾನ್ಯವಾಗಿ ಎರಡನೆಯದು. ಒಮ್ಮೆ ಕಾಗದವಾಗಿ ಒಣಗಿದ ನಾರಿನ ಗೋಡೆಯೊಳಗಿನ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಮತ್ತೆ ನೆನೆಸಿದರೂ ಮೊದಲಿನಷ್ಟು ಉಬ್ಬಲ್ಲ. ಪುಡಿಯದೂ ಅದೇ ಕಥೆ: ಅಂಟಿಕೊಳ್ಳೋ ಬದಲು ಮಧ್ಯೆ ತುಂಬಿಕೊಂಡು ಕೂರುತ್ತೆ.

ಹಾಗಾಗಿ ಮೊದಲು ಪುಡಿ ಬೇರೆ, ನಾರು ಬೇರೆ ಮಾಡಿ. ಬೇಲ್ (ರದ್ದಿಯ ಒತ್ತಿ ಕಟ್ಟಿದ ಕಟ್ಟು) ಸ್ಯಾಂಪಲ್‌ನಿಂದ ಒಣ ತೂಕ 30 ಗ್ರಾಂ ನಾಲ್ಕು ಗಂಟೆ ನೆನೆಸಿ, 2 ಲೀಟರ್ ನೀರಲ್ಲಿ 3000 ಆರ್‌ಪಿಎಂಗೆ 10 ನಿಮಿಷ ಡಿಸಿಂಟಿಗ್ರೇಟರ್. ಅದರಿಂದ ಒಣ ತೂಕ 10 ಗ್ರಾಂನಷ್ಟು ತೆಗೆದು, ತೆಳು ಮಾಡಿ 200 ಮೆಶ್ ಜರಡಿ ಮೇಲೆ ಸ್ವಲ್ಪಸ್ವಲ್ಪವೇ ಸುರಿದು ತೊಳೆಯಿರಿ. ಒಂದೇ ಸಲ ಸುರಿದರೆ ನಾರು ಹಾಸಿಗೆಯಂತೆ ಕೂತು ಪುಡಿಯನ್ನ ತಾನೇ ಹಿಡಿದುಬಿಡುತ್ತೆ, ಫಲಿತಾಂಶ ಸುಳ್ಳಾಗುತ್ತೆ. ಕೆಳಗಿಳಿಯೋ ನೀರು ಗಾಜಿನ ಲೋಟದಲ್ಲಿ ತಿಳಿಯಾಗಿ ಕಾಣೋವರೆಗೆ ತೊಳೆದು, ಉಳಿದದ್ದನ್ನ 105 ಡಿಗ್ರಿಯಲ್ಲಿ ಒಣಗಿಸಿ ತೂಗಿ. ಇನ್ನೊಂದು ಪಾಲು ಹಾಗೇ ತೊಳೆದು, ಒಣಗಿಸದೆ ಎಸ್‌ಆರ್ ನೋಡಿ. ತೊಳೆಯದ ಮಾಲಿಗೂ ತೊಳೆದ ನಾರಿಗೂ ಬೇರೆಬೇರೆ ಬೂದಿ ತೆಗೀರಿ; ಸುಟ್ಟ ಮೇಲೆ ಉಳಿಯೋದು ಖನಿಜ.

ಆಮೇಲೆ ಇದೇ ಜರಡಿಯನ್ನ ರಿಫೈನರ್ ಮುಂಚೆ, ರಿಫೈನರ್ ಆದ ಮೇಲೆ ತೆಗೆದ ಸ್ಯಾಂಪಲ್‌ಗಳಿಗೂ ಮಾಡಿ. ಜರಡಿ ಮೇಲೆ ಉಳಿಯೋ ತೂಕ ಹೆಚ್ಚುಕಡಿಮೆ ಅಷ್ಟೇ ಇದ್ದು, ತೊಳೆದ ನಾರಿನ ಎಸ್‌ಆರ್ ಏರಿದ್ದರೆ ರಿಫೈನರ್ ಕೆಲಸ ಮಾಡ್ತಿದೆ. ತೂಕ ಇಳಿದು, ತೊಳೆದ ನಾರಿನ ಎಸ್‌ಆರ್ ಅಲ್ಲೇ ಇದ್ದರೆ ಅದು ನಾರನ್ನ ಕತ್ತರಿಸಿ ಪುಡಿ ಮಾಡ್ತಿದೆ ಅಷ್ಟೇ.

ಹ್ಯಾಂಡ್‌ಶೀಟ್ ಬಗ್ಗೆ ಒಂದು ಮಾತು. 200 ಚದರ ಸೆಂ.ಮೀ. ಅಚ್ಚಿಗೆ 1.2 ಗ್ರಾಂ ಹಾಕಿದರೆ 60 ಜಿಎಸ್‌ಎಂ. ನಿಮ್ಮ ಬರ್ಸ್ಟ್ ಟೆಸ್ಟರ್ ರಟ್ಟಿಗೆ ಮಾಡಿದ್ದಾದರೆ ಅಷ್ಟು ತೆಳು ಹಾಳೆಗೆ ಮುಳ್ಳು ಸ್ಕೇಲ್‌ನ ತಳದಲ್ಲೇ ಆಡುತ್ತೆ, ಆ ಓದು ನಂಬಬೇಡಿ. 2.4 ಗ್ರಾಂ ಹಾಕಿ 120 ಜಿಎಸ್‌ಎಂ ಮಾಡಿಕೊಳ್ಳಿ. 18 ಬಿಎಫ್ ಅಂದ್ರೆ ಅಲ್ಲಿ 2.16 ಕೆಜಿ/ಚ.ಸೆಂ.ಮೀ. ಬರಬೇಕು. ತೊಳೆದ ನಾರಿನ ಹಾಳೆ, ತೊಳೆಯದ ಹಾಳೆ ಎರಡನ್ನೂ ಒಡೆದು ನೋಡಿ. ಪುಡಿ ತೆಗೆದರೂ ಬರ್ಸ್ಟ್ ಇಳಿಯಲಿಲ್ಲ ಅಂದ್ರೆ ಆ ಪುಡಿಯಿಂದ ತೂಕ ಬಿಟ್ಟು ಬೇರೇನೂ ಸಿಗ್ತಿಲ್ಲ.

ಬೇಲ್_ಬಿಚ್ಚಿ_ನೋಡಿ:
ಲ್ಯಾಬ್‌ಗೆ ಹೋಗೋ ಮುಂಚೆ ಯಾರ್ಡ್. ಬೇಲ್‌ನ ಹೊರಪದರದಿಂದ ಕಿತ್ತ ತುಂಡು ಸ್ಯಾಂಪಲ್ ಅಲ್ಲ. ತಂತಿ ಕತ್ತರಿಸಿ ಒಳಗಿಂದ ಕನಿಷ್ಠ 25 ಕೆಜಿ ತೆಗೆದು ಕೈಯಲ್ಲಿ ಬೇರ್ಪಡಿಸಿ: ಕಂದು ಪೆಟ್ಟಿಗೆ, ಡ್ಯೂಪ್ಲೆಕ್ಸ್ (ಮುಂದೆ ಬಿಳಿ, ಹಿಂದೆ ಬೂದು ರಟ್ಟು), ನ್ಯೂಸ್‌ಪ್ರಿಂಟ್, ಪ್ಲಾಸ್ಟಿಕ್-ಟೇಪು, ಮೇಣದ ರಟ್ಟು. ತೇವ ಅಲ್ಲೇ ನೋಡಿ. ಶೇ 12ರ ಲೆಕ್ಕದಲ್ಲಿ ದುಡ್ಡು ಕೊಟ್ಟು ಶೇ 22 ಬಂದರೆ ಟನ್‌ಗೆ 880 ಕೆಜಿ ಬದಲು 780 ಕೆಜಿ ಒಣ ಮಾಲು. 100 ಕೆಜಿ ನೀರಿಗೆ ರದ್ದಿ ರೇಟು.

ಡ್ಯೂಪ್ಲೆಕ್ಸ್‌ನ ಬೂದು ಬೆನ್ನಿನಲ್ಲಿ ನ್ಯೂಸ್‌ಪ್ರಿಂಟ್ ಇದೆಯಾ ಅಂತ ಫ್ಲೋರೋಗ್ಲುಸಿನಾಲ್ ಅನ್ನೋ ರಾಸಾಯನಿಕ ಹೇಳುತ್ತೆ: 1 ಗ್ರಾಂ ಅದರ ಪುಡಿ, 50 ಮಿಲಿ ಆಲ್ಕೋಹಾಲ್, 25 ಮಿಲಿ ಗಾಢ ಹೈಡ್ರೋಕ್ಲೋರಿಕ್ ಆಮ್ಲ. ಒಂದು ಹನಿ ಬಿಟ್ಟಾಗ ಕಡು ಕೆಂಪು-ನೇರಳೆ ಬಂದರೆ ಅರೆದ ಮರದ ನಾರು, ಅಂದ್ರೆ ನ್ಯೂಸ್‌ಪ್ರಿಂಟ್‌ನಂಥದ್ದು ಇದೆ. ಬ್ಲೀಚ್ ಆಗದ ಕ್ರಾಫ್ಟ್ ಕೂಡ ತೆಳು ಗುಲಾಬಿ ತೋರಿಸಬಹುದು, ಅದನ್ನ ಲೆಕ್ಕಕ್ಕೆ ತಗೋಬೇಡಿ. ಕೆಲವು ಬಣ್ಣಗಳು ಬರೀ ಆಮ್ಲಕ್ಕೇ ಕೆಂಪಾಗುತ್ತವೆ; ಪಕ್ಕದಲ್ಲಿ ಆ ರಾಸಾಯನಿಕದ ಪುಡಿ ಹಾಕದ ದ್ರಾವಣದ ಹನಿಯೂ ಇರಲಿ. ದ್ರಾವಣ ಹಳತಾಗಿ ಹಳದಿಗೆ ತಿರುಗಿದರೆ ಚೆಲ್ಲಿ, ಹೊಸದು ಮಾಡಿ.

ಹೊರದೇಶದ ಮಾಲು ಬೆರೆಸೋ ಯೋಚನೆ ಇದ್ದರೆ: ಅಮೆರಿಕದ ರದ್ದಿ ಉದ್ಯಮದ ಸಂಘ ಐಎಸ್‌ಆರ್‌ಐ (2024ರಿಂದ ಹೆಸರು ರೀಮಾ) ಪಟ್ಟಿಯ 11ನೇ ನಂಬರಿನ ಪೆಟ್ಟಿಗೆ ರದ್ದಿಯಲ್ಲಿ ನಿಷಿದ್ಧ ವಸ್ತು ಶೇ 1, ಬೇಡದ್ದೆಲ್ಲ ಸೇರಿ ಶೇ 5ರವರೆಗೆ, 12ನೇ ನಂಬರಿನಲ್ಲಿ ಶೇ 0.5 ಮತ್ತು ಶೇ 2. ಅದರಲ್ಲಿ ಪೈನ್ ಜಾತಿಯ ಸುಮಾರು 3 ಮಿ.ಮೀ. ನಾರು ಹೆಚ್ಚು. ನಮ್ಮಲ್ಲಿನ ನೀಲಗಿರಿ ನಾರು 1 ಮಿ.ಮೀ.ಗೂ ಕಡಿಮೆ, ಜೊತೆಗೆ ಕಬ್ಬಿನ ಸಿಪ್ಪೆ, ಹುಲ್ಲಿನ ನಾರೂ ಇರುತ್ತೆ.

ಕ್ರಾಫ್ಟ್_ಲ್ಯಾಬ್:
ಇಬ್ಬರಿಗೂ ಧನ್ಯವಾದ. ಮಾಡಿ ನೋಡಿದೆ.
‘ಎ’: ಜರಡಿ ಮೇಲೆ ಶೇ 74, ಬೂದಿ (525 ಡಿಗ್ರಿ) ಶೇ 9, ಎಸ್‌ಆರ್ 28, ತೊಳೆದ ಮೇಲೆ 17.
‘ಬಿ’: ಜರಡಿ ಮೇಲೆ ಶೇ 58, ಬೂದಿ ಶೇ 17, ಎಸ್‌ಆರ್ 36, ತೊಳೆದ ಮೇಲೆ 18.
ತೊಳೆದ ನಾರಿನ ಬೂದಿ ಎರಡರಲ್ಲೂ ಶೇ 1ರ ಒಳಗೆ. ‘ಬಿ’ ಮಾಲನ್ನ 900 ಡಿಗ್ರಿಯಲ್ಲಿ ಸುಟ್ಟರೆ ಬೂದಿ ಶೇ 11.5. ಪೂರ್ತಿ ‘ಬಿ’ ಓಡಿಸಿದಾಗ ರಿಫೈನರ್ ಆದ ಮೇಲೆ ಜರಡಿ ಮೇಲಿನ 58 ಇಳಿದು 51. ತೊಳೆದ ನಾರಿನ ಎಸ್‌ಆರ್ 19 ಅಷ್ಟೇ.

ಜರಡಿ200:
900ರದ್ದೂ ಮಾಡಿದ್ದು ಒಳ್ಳೇದಾಯ್ತು. ಆ ಶಾಖಕ್ಕೆ ಕ್ಯಾಲ್ಸಿಯಂ ಕಾರ್ಬೋನೇಟ್ ಶೇ 44 ತೂಕ ಕಳ್ಕೊಳ್ಳುತ್ತೆ. 17ರಿಂದ 11.5 ಕಳೆದರೆ 5.5; ಅದನ್ನ 0.44ರಿಂದ ಭಾಗಿಸಿದರೆ 12.5. ಅಂದ್ರೆ ‘ಬಿ’ ಮಾಲಿನಲ್ಲಿ ಶೇ 12.5ರಷ್ಟು ಕಾರ್ಬೋನೇಟ್. ಬರೀ ಕಂದು ಪೆಟ್ಟಿಗೆಯಲ್ಲಿ ಇಷ್ಟು ಇರಲ್ಲ. ಕೋಟಿಂಗ್ ಇರೋ ಡ್ಯೂಪ್ಲೆಕ್ಸೋ ಬರೆಯೋ ಕಾಗದವೋ ಬೆರೆತಿದೆ. ಜರಡಿ ದಾಟಿದ 42ರಲ್ಲಿ 16–17 ಖನಿಜ, ಉಳಿದ 25 ನಾರಿನ ಪುಡಿ.

ರಿಫೈನರ್ ಕತ್ತರಿಸ್ತಿದೆ, ಅದರಲ್ಲಿ ಸಂಶಯ ಬೇಡ. ಒಟ್ಟು ಕಿಲೋವ್ಯಾಟ್‌ನಲ್ಲಿ ಖಾಲಿ ಓಟದ ಲೋಡ್ ಕಳೆದು, ಅಂಚಿನ ಲೋಡ್ (ಬಾರ್ ಅಂಚಿನ ಪ್ರತಿ ಮೀಟರ್‌ಗೆ ಬೀಳೋ ಶಕ್ತಿ) ಲೆಕ್ಕ ಹಾಕಿ. ರದ್ದಿ ನಾರಿಗೆ 1 ಜೌಲ್/ಮೀಟರ್ ಒಳಗಿರಲಿ. ಅಗಲ ಬಾರ್‌ಗಳ ಪ್ಲೇಟ್ ಇದ್ದರೆ ಸಣ್ಣ, ಒತ್ತು ಬಾರ್‌ಗಳದ್ದು ಹಾಕಿ. ಸಾಂದ್ರತೆ ಶೇ 4ರ ಮೇಲಿರಲಿ. ತೆಳುವಾದಷ್ಟೂ ಬಾರ್‌ಗಳ ನಡುವೆ ನಾರಿನ ಮೆತ್ತೆ ನಿಲ್ಲಲ್ಲ, ಕತ್ತರಿ ಹೆಚ್ಚು.

ಬೇಲ್_ಬಿಚ್ಚಿ_ನೋಡಿ:
ರೇಟು ಮಾತಾಡುವಾಗ 58ನ್ನ 74ರಿಂದ ಭಾಗಿಸಿ ‘ಬಿ’ಗೆ ಶೇ 78ರ ಬೆಲೆ ಅಂತ ಹೊರಡಬೇಡಿ. ಪುಡಿಯಲ್ಲಿ ಒಂದಷ್ಟು ಹಾಳೆಯಲ್ಲೇ ಉಳಿದು ತೂಕವಾಗಿ ಮಾರಾಟ ಆಗುತ್ತೆ. ಕಳ್ಕೊಳ್ಳೋದು ಬಲ, ಸ್ಟೀಮ್, ಮಷೀನ್ ಸ್ಪೀಡ್. ಆ ಮೂರಕ್ಕೆ ಬೆಲೆ ಕಟ್ಟಿ ಕಳೀರಿ.

ಕಾರ್ಬೋನೇಟ್ ಅಷ್ಟಿದೆ ಅಂದ್ಮೇಲೆ ಇನ್ನೊಂದು ನೋಡಿ. ಪಲ್ಪರ್‌ನ (ರದ್ದಿ ನೀರಲ್ಲಿ ಕಲಸೋ ತೊಟ್ಟಿ) ಸೋಸಿದ ನೀರಿಗೂ ಬ್ಯಾಕ್‌ವಾಟರ್ (ಮಷೀನ್‌ನಿಂದ ಇಳಿದು ಮತ್ತೆ ಬಳಸೋ ನೀರು) ಟ್ಯಾಂಕ್‌ನದಕ್ಕೂ ಒಂದೊಂದು ಹನಿ ಅಯೋಡಿನ್. ಪಲ್ಪರ್‌ನದು ನೀಲಿ, ಟ್ಯಾಂಕ್‌ನದು ನೀಲಿ ಅಲ್ಲ ಅಂದ್ರೆ ಪೆಟ್ಟಿಗೆಯಿಂದ ಬಂದ ಗಂಜಿಯನ್ನ ಬ್ಯಾಕ್ಟೀರಿಯಾ ತಿಂದಿವೆ. ಅವು ಬಿಡೋ ಆಮ್ಲಕ್ಕೆ ಪಿಎಚ್ ಇಳಿದು ಕಾರ್ಬೋನೇಟ್ ಕರಗುತ್ತೆ, ನೀರಿನ ಗಡಸುತನ ಏರುತ್ತೆ, ಹಾಕಿದ ಕೆಮಿಕಲ್ ಸರಿಯಾಗಿ ಹಿಡಿಯಲ್ಲ. ಬಿಎಫ್‌ಗೆ ಅಂತ ಡ್ರೈ ಸ್ಟ್ರೆಂತ್ (ಒಣ ಹಾಳೆಯ ಬಲ ಹೆಚ್ಚಿಸೋ ಕೆಮಿಕಲ್) ಹಾಕ್ತಿದ್ದರೆ, ಡೋಸ್ ಏರಿಸೋ ಮುಂಚೆ ಟ್ಯಾಂಕ್‌ನ ಪಿಎಚ್ ಮತ್ತು ಗಡಸುತನ ಒಂದು ವಾರ ಶಿಫ್ಟ್‌ಗೊಮ್ಮೆ ಬರೆದಿಡಿ.