ಬ್ಯಾಂಕಿನ ನೋಟಿಸು ಬಂದಿರುವ ಫ್ಲಾಟು: ಏಜೆಂಟರ ಮಾತಿಗೆ ಒಪ್ಪಿ ಮಾರಬಹುದೇ?

ಪ್ರಶ್ನೆ: ಉತ್ತರಹಳ್ಳಿ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. 2019ರಲ್ಲಿ ನಾನು ಮತ್ತು ನನ್ನ ಯಜಮಾನರು ಕನಕಪುರ ರಸ್ತೆಯ ಒಳಭಾಗದಲ್ಲಿ ಎರಡು ಬೆಡ್‌ರೂಮಿನ ಫ್ಲಾಟೊಂದನ್ನು 62 ಲಕ್ಷಕ್ಕೆ ಕೊಂಡೆವು. ಅದರಲ್ಲಿ 48 ಲಕ್ಷ ಬ್ಯಾಂಕ್ ಸಾಲ, ಉಳಿದದ್ದು ಅವರ ಪಿ.ಎಫ್. ಮತ್ತು ನನ್ನ ಒಡವೆ. ಆರು ವರ್ಷ ಒಂದು ಕಂತನ್ನೂ ತಪ್ಪಿಸದೆ ಕಟ್ಟಿದ್ದೇವೆ. ಕಳೆದ ಜೂನ್‌ನಲ್ಲಿ ಅವರ ಕಂಪನಿ ಅವರಿದ್ದ ವಿಭಾಗವನ್ನೇ ಮುಚ್ಚಿತು. ಕೈಯಲ್ಲಿದ್ದುದರಲ್ಲಿ ಆಗಸ್ಟ್‌ವರೆಗೆ ಕಟ್ಟಿದೆವು, ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ನಾಲ್ಕು ಕಂತು ಬಾಕಿ ಉಳಿಯಿತು. ಒಂದು ಕಂತು ಸುಮಾರು 41,600 ರೂಪಾಯಿ, ಉಳಿದಿರುವ ಅಸಲು ಸುಮಾರು 41 ಲಕ್ಷ.

ಮೂರು ವಾರದ ಹಿಂದೆ ಬ್ಯಾಂಕಿನಿಂದ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಬಂತು. 60 ದಿನಗಳೊಳಗೆ ಪೂರ್ತಿ ಸಾಲ ತೀರಿಸದಿದ್ದರೆ ಮನೆಯನ್ನು ಸ್ವಾಧೀನಕ್ಕೆ ಪಡೆಯುವುದಾಗಿ ಅದರಲ್ಲಿದೆ. ನಮ್ಮ ಕಟ್ಟಡದಲ್ಲಿ ಹಿಂದೆ ಎರಡು ಫ್ಲಾಟು ಮಾರಿಸಿಕೊಟ್ಟಿದ್ದ ಏಜೆಂಟರೊಬ್ಬರು ಈ ಸುದ್ದಿ ತಿಳಿದು ಮನೆಗೇ ಬಂದರು. ಹರಾಜಾದರೆ ನಿಮ್ಮ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ, ನಾನು 68 ಲಕ್ಷಕ್ಕೆ ಹತ್ತು ದಿನದಲ್ಲಿ ಮುಗಿಸಿಕೊಡುತ್ತೇನೆ ಎಂದರು. ಅದೇ ಕಟ್ಟಡದಲ್ಲಿ ಇಂಥದ್ದೇ ಫ್ಲಾಟು ಕಳೆದ ವರ್ಷ 85ಕ್ಕೆ ಹೋಗಿದೆ. ಹರಾಜಿನ ಭಯಕ್ಕೆ ಇದಕ್ಕೆ ಒಪ್ಪಿಕೊಳ್ಳಬೇಕೇ? ಇಂಥ ಸಂದರ್ಭದಲ್ಲಿ ಏಜೆಂಟರು ಮಾಡಬೇಕಾದ ಕೆಲಸ ನಿಜವಾಗಿ ಏನು? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಮೂಲಪತ್ರ

ನಾನು ವಕೀಲ. ಫ್ಲಾಟಿನ ಕಾಗದಪತ್ರಗಳನ್ನು ನೋಡದೆ ಹೇಳುತ್ತಿರುವುದರಿಂದ ಇದನ್ನು ಸಾಮಾನ್ಯ ಮಾಹಿತಿ ಎಂದಷ್ಟೇ ತೆಗೆದುಕೊಳ್ಳಿ.

ನಿಮಗೆ ಬಂದಿರುವುದು, ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನ ನೋಟಿಸು ಇರಬೇಕು. ಬಾಕಿ 90 ದಿನ ದಾಟಿದ ಸಾಲವನ್ನು ಅನುತ್ಪಾದಕ (ಎನ್.ಪಿ.ಎ., ಅಂದರೆ ಕಂತು ನಿಂತುಹೋದ ಸಾಲ) ಎಂದು ವರ್ಗೀಕರಿಸಿದ ಮೇಲೆ ಬ್ಯಾಂಕು ಇಡುವ ಮೊದಲ ಹೆಜ್ಜೆ ಅದು, ಕೊನೆಯದಲ್ಲ. 60 ದಿನ ಕಳೆದ ಮೇಲೆ ಸ್ವಾಧೀನದ ನೋಟಿಸು ಬರುತ್ತದೆ. ಆಮೇಲೆ ಮೌಲ್ಯಮಾಪನ ನಡೆಯಬೇಕು, ಅದಾದ ನಂತರ ಮಾರಾಟಕ್ಕೆ ಮತ್ತೆ 30 ದಿನಗಳ ನೋಟಿಸು ಕೊಡಬೇಕು. ಆದ್ದರಿಂದ ಹತ್ತು ದಿನದಲ್ಲಿ ಮುಗಿಸಲೇಬೇಕಾದ ತುರ್ತು ನಿಮಗಿಲ್ಲ, ಆ ತುರ್ತು ಬೇರೆಯವರದು. ನೋಟಿಸಿಗೆ ನೀವು ಬರವಣಿಗೆಯಲ್ಲಿ ಆಕ್ಷೇಪಣೆ ಅಥವಾ ಮನವಿ ಕೊಟ್ಟರೆ ಬ್ಯಾಂಕು 15 ದಿನಗಳೊಳಗೆ ಅದಕ್ಕೆ ಉತ್ತರಿಸಬೇಕು. ಈ ಅವಕಾಶವನ್ನು ಬಹಳ ಜನ ಬಳಸಿಕೊಳ್ಳುವುದೇ ಇಲ್ಲ, ನೋಟಿಸನ್ನು ದೇವರ ಫೋಟೋದ ಹಿಂದೆ ಇಟ್ಟು ಕೂರುತ್ತಾರೆ.

ಆದರೆ ಒಂದು ಗಡುವು ಮಾತ್ರ ಕಠಿಣವಾದದ್ದು. 2016ರ ತಿದ್ದುಪಡಿಯ ನಂತರ, ಪೂರ್ತಿ ಬಾಕಿ ಕಟ್ಟಿ ಆಸ್ತಿಯನ್ನು ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ ಇರುತ್ತದೆ. ಹಾಗೆಯೇ, ಹರಾಜಾದರೆ ಏನೂ ಸಿಗದು ಎಂಬ ಮಾತು ಸುಳ್ಳು. ಸಾಲ ಮತ್ತು ಖರ್ಚು ಕಳೆದು ಉಳಿದ ಹಣ ನಿಮ್ಮದೇ. ಹರಾಜಿನಲ್ಲಿ ಒಳ್ಳೆಯ ಬೆಲೆ ಬರುವುದು ಅಪರೂಪ ಎಂಬುದು ಬೇರೆ ಮಾತು.

ಇನ್ನೂ ಮುಖ್ಯವಾದದ್ದು: 13(2)ರ ನೋಟಿಸು ತಲುಪಿದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಆ ಆಸ್ತಿಯನ್ನು ಮಾರುವಂತಿಲ್ಲ ಎಂದು ಅದೇ ಕಲಮಿನ 13ನೇ ಉಪಕಲಮು ಹೇಳುತ್ತದೆ. ಆ ಏಜೆಂಟರು ಯಾವ ಕಾಗದಕ್ಕೆ ಸಹಿ ಕೇಳುತ್ತಿದ್ದಾರೆ ಎಂದು ತಿಳಿಸುವಿರಾ?

ಪ್ರಶ್ನೆ ಕೇಳಿದವರಿಂದ: ಉತ್ತರಹಳ್ಳಿ ಶಿಕ್ಷಕಿ

ತುಂಬಾ ಧನ್ಯವಾದಗಳು ಸರ್. ಅವರು ಎರಡು ಕಾಗದ ತಂದಿದ್ದರು. ಒಂದು ಕ್ರಯದ ಕರಾರು, ಇನ್ನೊಂದು ಅವರ ಬಾವಮೈದುನನ ಹೆಸರಿಗೆ ಜಿ.ಪಿ.ಎ., ಅಂದರೆ ನಮ್ಮ ಪರವಾಗಿ ಮಾರುವ ಅಧಿಕಾರ ಕೊಡುವ ಪತ್ರ. ಕಮಿಷನ್ ಎಷ್ಟು ಎಂದು ಕೇಳಿದಾಗ, "ನಿಮ್ಮಿಂದ ಕಮಿಷನ್ ಬೇಡಮ್ಮ, ನಿಮ್ಮ ಲೆಕ್ಕಕ್ಕೆ 68, ಅದರ ಮೇಲೆ ಬಂದದ್ದು ನಮ್ಮದು" ಎಂದರು. ಆಗ ನಮಗೆ ಅದು ಉಪಕಾರದಂತೆಯೇ ಕೇಳಿಸಿತು. ನಾವು ಇನ್ನೂ ಸಹಿ ಹಾಕಿಲ್ಲ.

ಉತ್ತರ 2: ಬನಶಂಕರಿ ಏಜೆಂಟ್

ಮೇಡಂ, ಸಹಿ ಹಾಕದೆ ಇದ್ದದ್ದು ಒಳ್ಳೆಯದಾಯಿತು. ನಾನು ಇದೇ ಕಸುಬಿನಲ್ಲಿ 18 ವರ್ಷ ಕಳೆದವನು, ಆದ್ದರಿಂದ ನಮ್ಮವರ ಬಗ್ಗೆ ನಾನೇ ಹೇಳುವುದು ಮುಜುಗರವಾದರೂ ಹೇಳುತ್ತೇನೆ. "ನಿಮ್ಮ ಕೈಗೆ ಇಷ್ಟು, ಮೇಲಿನದು ನಮ್ಮದು" ಎನ್ನುವವನು ಆ ಕ್ಷಣದಲ್ಲಿ ಏಜೆಂಟನಾಗಿ ಉಳಿದಿರುವುದಿಲ್ಲ. ಅವನೇ ಕೊಳ್ಳುವವನು, ಆದರೆ ದುಡ್ಡು ಹಾಕದೆ ಕೊಳ್ಳುವವನು. ಜಿ.ಪಿ.ಎ. ಕೈಯಲ್ಲಿಟ್ಟುಕೊಂಡು 82ಕ್ಕೋ 84ಕ್ಕೋ ಗಿರಾಕಿ ಹುಡುಕುತ್ತಾನೆ. ಗಿರಾಕಿ ಸಿಗದಿದ್ದರೆ ನಿಮ್ಮ 60 ದಿನ ಕರಗಿರುತ್ತದೆ, ಅವನಿಗೆ ಏನೂ ನಷ್ಟವಾಗಿರುವುದಿಲ್ಲ.

ಈಗ ನಿಮ್ಮದೇ ಅಂಕಿಗಳನ್ನು ಒಮ್ಮೆ ನೋಡಿ. ನಿಮಗೆ ಇವತ್ತು ನಿಜವಾಗಿ ಕಡಿಮೆ ಬಿದ್ದಿರುವುದು ನಾಲ್ಕು ಕಂತು, ಅಂದರೆ 1,66,400 ರೂಪಾಯಿ ಮತ್ತು ಅದರ ಮೇಲಿನ ದಂಡ. ಅದಕ್ಕಾಗಿ ನೀವು ಬಿಟ್ಟುಕೊಡಲು ಹೊರಟಿರುವುದು 17 ಲಕ್ಷ. ನಾನು ಕಂಡ ಇಂಥ ಮಾರಾಟಗಳಲ್ಲಿ ಬಹುಪಾಲು ಕಡೆ ಮನೆಯವರಿಗೆ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದು ತೋರಿಸಿದವರೇ ಇರಲಿಲ್ಲ. ಒಡವೆಯನ್ನೋ ಚೀಟಿಯನ್ನೋ ನಂಬಿ ಆ ಮೊತ್ತ ಹೊಂದಿಸಲು ಸಾಧ್ಯವಾದರೆ ಮೊದಲು ಬಾಕಿಯನ್ನು ಪೂರ್ತಿ ಕಟ್ಟಿಬಿಡಿ. ಅರ್ಧ ಕಟ್ಟಿದರೆ ಪ್ರಯೋಜನವಿಲ್ಲ, ಬಾಕಿ ಎಲ್ಲವೂ ತೀರಿದಾಗ ಮಾತ್ರ ಅನುತ್ಪಾದಕ ಖಾತೆ ಮತ್ತೆ ಸರಿಯಾದ ಖಾತೆ ಎನಿಸಿಕೊಳ್ಳುತ್ತದೆ. ನೋಟಿಸಿನಲ್ಲಿ ಪೂರ್ತಿ ಸಾಲ ಕೇಳಿದ್ದರೂ, ಬಾಕಿ ಕಟ್ಟಿದರೆ ಮುಂದಿನ ಕ್ರಮ ನಿಲ್ಲಿಸುವಿರಾ ಎಂದು ಶಾಖೆಯವರನ್ನು ಬರವಣಿಗೆಯಲ್ಲಿ ಕೇಳಿ. ಸಾಮಾನ್ಯವಾಗಿ ಅವರಿಗೂ ಹರಾಜಿನ ರಗಳೆ ಬೇಕಾಗಿರುವುದಿಲ್ಲ.

ಮಾರಲೇಬೇಕು ಎಂದಾದರೆ ಏಜೆಂಟನ ಕೆಲಸ ಇಲ್ಲಿಂದ ಶುರುವಾಗುತ್ತದೆ. ಇಂಥ ಮನೆ ಬಂದಾಗ ನಾನು ಮೊದಲ ವಾರ ಯಾವ ಗಿರಾಕಿಗೂ ತೋರಿಸುವುದಿಲ್ಲ. ಮನೆಯವರ ಜೊತೆಗೆ ಬ್ಯಾಂಕಿಗೆ ಹೋಗಿ, ಇಂಥ ದಿನಕ್ಕೆ ಇಷ್ಟು ಕಟ್ಟಿದರೆ ಸಾಲ ಮುಗಿಯಿತು ಎಂಬ ಲೆಕ್ಕಪತ್ರ, ಬ್ಯಾಂಕಿನಲ್ಲಿರುವ ಮೂಲ ದಾಖಲೆಗಳ ಪಟ್ಟಿ ಮತ್ತು ಮಾರಾಟಕ್ಕೆ ಒಪ್ಪಿಗೆಯ ಪತ್ರ, ಈ ಮೂರನ್ನು ಕೇಳುತ್ತೇನೆ. ವ್ಯಕ್ತಿಗಳ ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ ಎಂಬ ರಿಸರ್ವ್ ಬ್ಯಾಂಕಿನ ನಿಯಮವನ್ನು ಕೆಲವೊಮ್ಮೆ ಅಲ್ಲಿಯೇ ನೆನಪಿಸಬೇಕಾಗುತ್ತದೆ. ಆಮೇಲೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ನೀವು ಕೊಂಡ ವರ್ಷದಿಂದ ನಿನ್ನೆಯವರೆಗಿನ ಇ.ಸಿ. (ಆಸ್ತಿಯ ಮೇಲಿನ ಋಣ ಮತ್ತು ವಹಿವಾಟಿನ ದಾಖಲೆ), ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ), ಕಂದಾಯದ ರಸೀದಿ, ಅಪಾರ್ಟ್‌ಮೆಂಟ್ ಸಂಘದಿಂದ ಬಾಕಿ ಇಲ್ಲವೆಂಬ ಪತ್ರ. ಇ-ಖಾತಾ ಇಲ್ಲದೆ ಬೆಂಗಳೂರಿನಲ್ಲಿ ಈಗ ನೋಂದಣಿಯೇ ಆಗುವುದಿಲ್ಲ, ಅದರಲ್ಲಿ ಹೆಸರಿನ ಒಂದಕ್ಷರ ತಪ್ಪಿದ್ದರೂ ಎರಡು ವಾರ ಅಲೆದಾಟ. ಈ ಕಡತ ಸಿದ್ಧವಿಲ್ಲದ ಮನೆಗೆ ಗಿರಾಕಿ ಬಂದರೆ, ಕಡತದ ಪ್ರತಿಯೊಂದು ಕೊರತೆಗೂ ಅವನು ಒಂದೊಂದು ಲಕ್ಷ ಕಡಿಮೆ ಮಾಡಿ ಕೇಳುತ್ತಾನೆ. ಅವಸರದ ಮಾರಾಟದಲ್ಲಿ ಬೆಲೆ ಬೀಳುವುದು ಬಹುಮಟ್ಟಿಗೆ ಹೀಗೆಯೇ.

ನೋಟಿಸಿನ ವಿಷಯವನ್ನು ಗಿರಾಕಿಗೆ ಯಾವಾಗ ಹೇಳಬೇಕು ಎಂಬ ಪ್ರಶ್ನೆ ಬರುತ್ತದೆ. ಮೊದಲ ಫೋನಿನಲ್ಲೇ ಹೇಳಬೇಕಿಲ್ಲ, ಆದರೆ ಟೋಕನ್ ತೆಗೆದುಕೊಳ್ಳುವ ಮೊದಲು ಹೇಳಲೇಬೇಕು. ಹಿಂದೆ ಒಮ್ಮೆ ಮನೆಯವರ ಮಾತಿಗೆ ಕಟ್ಟುಬಿದ್ದು ನಾನು ಅದನ್ನು ಮುಚ್ಚಿಟ್ಟಿದ್ದೆ. ಗಿರಾಕಿಗೆ ಅದು ಬ್ಯಾಂಕಿನಲ್ಲೇ ತಿಳಿಯಿತು, ವ್ಯಾಪಾರ ಮುರಿಯಿತು, ಇನ್ನೊಬ್ಬ ಗಿರಾಕಿ ಸಿಗುವಷ್ಟರಲ್ಲಿ ಹರಾಜಿನ ಪ್ರಕಟಣೆ ಬಂದುಬಿಟ್ಟಿತು. ಆ ಮನೆಯ ಹಿರಿಯರು ಇವತ್ತಿಗೂ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾರೆ.

ಹಣದ ದಾರಿಯೂ ಮೊದಲೇ ಕಾಗದದ ಮೇಲೆ ಇರಬೇಕು. ಬ್ಯಾಂಕಿನ ಒಪ್ಪಿಗೆ ಪಡೆದು, ಗಿರಾಕಿಯ ಮುಂಗಡವನ್ನು ನಿಮ್ಮ ಉಳಿತಾಯ ಖಾತೆಗಲ್ಲ, ನೇರವಾಗಿ ಸಾಲದ ಖಾತೆಗೆ ಕಟ್ಟಿಸಿ. ಅಲ್ಲಿಗೆ ಬಾಕಿ ತೀರುತ್ತದೆ, ಗಿರಾಕಿಗೂ ತನ್ನ ದುಡ್ಡು ಎಲ್ಲಿ ಹೋಯಿತು ಎಂಬ ಅನುಮಾನ ಉಳಿಯುವುದಿಲ್ಲ. ಉಳಿದ ಸಾಲಕ್ಕೆ ಗಿರಾಕಿಯ ಬ್ಯಾಂಕು ನಿಮ್ಮ ಸಾಲದ ಖಾತೆಯ ಸಂಖ್ಯೆ ನಮೂದಿಸಿದ ಡಿ.ಡಿ. ಕೊಡುತ್ತದೆ, ಮೂಲಪತ್ರಗಳು ಹೊರಬರುತ್ತವೆ, ಕ್ರಯಪತ್ರದ ದಿನ ಮಿಕ್ಕ ಹಣ ನಿಮ್ಮ ಖಾತೆಗೆ ಬರುತ್ತದೆ. ನಗದಿನ ಮಾತೆತ್ತಿದರೆ ಎದ್ದು ಬನ್ನಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚನ್ನು ನಗದಾಗಿ ಪಡೆದರೆ, ಪಡೆದಷ್ಟೇ ಮೊತ್ತ ದಂಡವಾಗಬಹುದು.

ಬೆಲೆ ಎಷ್ಟು ಎಂದು ಮನೆ ನೋಡದೆ ನಾನು ಹೇಳಲಾರೆ. ಕಮಿಷನ್ ಶೇ. 1, ಕೆಲವರು ಶೇ. 2 ಕೇಳುತ್ತಾರೆ. ಅದನ್ನು ಮೊದಲೇ ಬರೆದುಕೊಂಡು, ಕ್ರಯಪತ್ರದ ದಿನವೇ ಕೊಡಿ. ಏಜೆಂಟರಿಗೆ ರೇರಾ (ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇದೆಯೇ ಎಂದು ಕರ್ನಾಟಕ ರೇರಾ ಜಾಲತಾಣದಲ್ಲಿ ನೋಡಿಕೊಳ್ಳಿ. ನೋಂದಾಯಿತ ಯೋಜನೆಗಳ ಮನೆ ಮಾರಿಸುವವರಿಗೆ ಅದು ಕಡ್ಡಾಯ, ಹಳೆಯ ಕಟ್ಟಡಗಳ ಮರುಮಾರಾಟದಲ್ಲಿ ನೋಂದಣಿ ಇಲ್ಲದವರು ಬಹಳ ಮಂದಿ ಇದ್ದಾರೆ.

ಉತ್ತರ 3: ಕೆಂಗೇರಿ ಉಪನಗರ

ನಾನು ಇಂಥ ಮನೆಯನ್ನು ಕೊಂಡವನು, ಆದ್ದರಿಂದ ಆ ಬದಿಯ ಮಾತನ್ನೂ ಸೇರಿಸುತ್ತೇನೆ. ಕಡಿಮೆಗೆ ಸಿಗುತ್ತದೆಂದು ನಾನು ಮೊದಲು ಬ್ಯಾಂಕ್ ಹರಾಜಿನ ಹಿಂದೆ ಬಿದ್ದಿದ್ದೆ. ಭಾಗವಹಿಸಲು ಮೀಸಲು ಬೆಲೆಯ (ಹರಾಜಿಗೆ ಬ್ಯಾಂಕು ಇಟ್ಟ ಕನಿಷ್ಠ ಬೆಲೆ) ಶೇ. 10 ಠೇವಣಿ, ಗೆದ್ದರೆ ಅದೂ ಸೇರಿ ಶೇ. 25ನ್ನು ಅಂದೇ ಅಥವಾ ಮರುದಿನ ಕಟ್ಟಬೇಕು, ಉಳಿದ ಶೇ. 75ಕ್ಕೆ 15 ದಿನ. ಅಷ್ಟರೊಳಗೆ ಗೃಹಸಾಲ ಮಂಜೂರು ಮಾಡಿಸುವುದು ಸಂಬಳದಾರನಿಗೆ ಸುಲಭವಲ್ಲ. ಮನೆಯೂ "ಇದ್ದ ಸ್ಥಿತಿಯಲ್ಲಿ" ಸಿಗುತ್ತದೆ. ನಾನು ನೋಡಿದ ಒಂದು ಫ್ಲಾಟಿನಲ್ಲಿ ಬ್ಯಾಂಕಿಗೆ ಕಾಗದದ ಮೇಲಿನ ಸ್ವಾಧೀನ ಮಾತ್ರ ಇತ್ತು, ಒಳಗೆ ಅಜ್ಜಿಯೊಬ್ಬರು ಬತ್ತಿ ಹೊಸೆಯುತ್ತ ಕುಳಿತಿದ್ದರು. ಅವರನ್ನು ಎಬ್ಬಿಸಿ ಮನೆ ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಕೊನೆಗೆ ಏಜೆಂಟರೊಬ್ಬರ ಮೂಲಕ, ನೋಟಿಸು ಬಂದಿದ್ದರೂ ಹರಾಜಿಗೆ ಹೋಗದ ಮನೆಯೊಂದನ್ನು ಕೊಂಡೆ. ಕಾಗದಗಳು ಸರಿಯಿದ್ದುದರಿಂದ ಮಾರುಕಟ್ಟೆ ಬೆಲೆಗಿಂತ ಹೆಚ್ಚೇನೂ ಇಳಿಸದೆ ಕೊಟ್ಟೆ. ಕೊಳ್ಳುವವರಿಗೆ ಮುದ್ರಾಂಕ ಶುಲ್ಕ, ಸೆಸ್, ಮೇಲ್ತೆರಿಗೆ ಸೇರಿ ಶೇ. 5.6, ಜೊತೆಗೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿರುವುದರಿಂದ ಒಟ್ಟು ಶೇ. 7.6 ಬೀಳುತ್ತದೆ. 80 ಲಕ್ಷದ ಮನೆಗೆ ಆರು ಲಕ್ಷಕ್ಕೂ ಮಿಕ್ಕಿ. ಗಿರಾಕಿ ಬೆಲೆಯಲ್ಲಿ ಜಗ್ಗಾಡುವಾಗ ಅವನ ತಲೆಯಲ್ಲಿ ಈ ಲೆಕ್ಕವೂ ಓಡುತ್ತಿರುತ್ತದೆ, ಅದನ್ನು ದುರಾಸೆ ಎಂದುಕೊಳ್ಳಬೇಡಿ.

ನಮ್ಮ ವ್ಯವಹಾರದಲ್ಲಿ ಏಜೆಂಟರು ಮರೆತದ್ದು ಒಂದೇ. ಹಳೆಯ ಸಾಲಕ್ಕಾಗಿ ಹಕ್ಕುಪತ್ರ ಠೇವಣಿ ಇಟ್ಟದ್ದು ಇ.ಸಿ.ಯಲ್ಲಿ ದಾಖಲಾಗಿರುತ್ತದೆ. ಸಾಲ ತೀರಿದರೂ ಅದರ ರದ್ದತಿಯನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸದಿದ್ದರೆ ಆ ಋಣ ಅಲ್ಲಿಯೇ ಕಾಣಿಸುತ್ತದೆ. ಅದನ್ನು ತೆಗೆಸಲು ಹಿಂದಿನ ಮಾಲೀಕರನ್ನು ಹುಡುಕಿಕೊಂಡು ನಾನು ತುಮಕೂರಿಗೆ ಎರಡು ಸಲ ಹೋಗಿಬಂದೆ.

ಉತ್ತರ 4: ಲೆಕ್ಕದ ಪುಸ್ತಕ

ತೆರಿಗೆಯ ಬಗ್ಗೆ ಯಾರೂ ಹೇಳಿಲ್ಲ, ಚಿಕ್ಕದಾಗಿ ಹೇಳುತ್ತೇನೆ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ಶೇ. 1 ಟಿ.ಡಿ.ಎಸ್. (ಮೂಲದಲ್ಲೇ ಹಿಡಿಯುವ ತೆರಿಗೆ) ಹಿಡಿದು ಕಟ್ಟುತ್ತಾರೆ, ಅದು ನಿಮ್ಮ ಲೆಕ್ಕಕ್ಕೆ ಜಮೆಯಾಗುತ್ತದೆ. ಲಾಭದ ಮೇಲಿನ ತೆರಿಗೆಗೆ ಹೆದರಬೇಡಿ. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಮನೆಯಾದ್ದರಿಂದ, ಸೂಚ್ಯಂಕವಿಲ್ಲದೆ (ಅಂದರೆ ಬೆಲೆಯೇರಿಕೆಗೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸದೆ) ಶೇ. 12.5 ಅಥವಾ ಸೂಚ್ಯಂಕದೊಂದಿಗೆ ಶೇ. 20, ಯಾವುದು ಕಡಿಮೆಯೋ ಅದು ನಿಮಗೆ ಅನ್ವಯಿಸುತ್ತದೆ. 2019–20ರ ಸೂಚ್ಯಂಕ 289, 2025–26ರದು 376. 2026ರ ಮಾರ್ಚ್ 31ರೊಳಗೆ ಕ್ರಯವಾದರೆ ನಿಮ್ಮ 62 ಲಕ್ಷ ಲೆಕ್ಕದಲ್ಲಿ ಸುಮಾರು 80.66 ಲಕ್ಷವಾಗುತ್ತದೆ. 80ಕ್ಕೆ ಮಾರಿದರೆ ತೆರಿಗೆಯೇ ಬರುವುದಿಲ್ಲ.

ಪ್ರಶ್ನೆ ಕೇಳಿದವರಿಂದ: ಉತ್ತರಹಳ್ಳಿ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ಇವತ್ತು ಅರ್ಧ ದಿನ ರಜೆ ಹಾಕಿ ಇಬ್ಬರೂ ಬ್ಯಾಂಕಿಗೆ ಹೋಗಿದ್ದೆವು. ಮನವಿಯನ್ನು ತೆಗೆದುಕೊಂಡು ಇನ್ನೊಂದು ಪ್ರತಿಗೆ ಮೊಹರು ಹಾಕಿಕೊಟ್ಟರು. ಬಾಕಿ ಪೂರ್ತಿ ಕಟ್ಟಿದರೆ ಮುಂದಿನ ಕ್ರಮವನ್ನು ತಡೆಹಿಡಿಯುವ ಬಗ್ಗೆ ಮೇಲಿನ ಕಚೇರಿಗೆ ಬರೆಯುವುದಾಗಿ ಹೇಳಿದ್ದಾರೆ, ದಾಖಲೆಗಳ ಪಟ್ಟಿ ಸೋಮವಾರ ಸಿಗುತ್ತದೆ. ನಮ್ಮ ಅಣ್ಣ ಒಂದು ಲಕ್ಷ ಕೊಡಲು ಒಪ್ಪಿದ್ದಾನೆ, ಉಳಿದದ್ದಕ್ಕೆ ನನ್ನ ಬಳೆಗಳಿವೆ. ಆದರೂ ಮನೆ ಇಟ್ಟುಕೊಳ್ಳುವ ಶಕ್ತಿ ನಮಗಿಲ್ಲವೆಂದು ಯಜಮಾನರೂ ನಾನೂ ಮಾತಾಡಿಕೊಂಡಿದ್ದೇವೆ, ಮಾರುತ್ತೇವೆ. ಇ-ಖಾತಾ ತೆಗೆದು ನೋಡಿದರೆ ಯಜಮಾನರ ಇನಿಷಿಯಲ್ ತಪ್ಪಾಗಿದೆ. ಬನಶಂಕರಿಯವರೇ, ಅದನ್ನು ಸರಿಪಡಿಸಲು ಕ್ರಯಪತ್ರದ ಪ್ರತಿ ಮತ್ತು ಆಧಾರ್ ಸಾಕೇ, ಅಥವಾ ಪ್ರಮಾಣಪತ್ರವನ್ನೂ ಮಾಡಿಸಬೇಕೇ?